ಚೆಲ್ಲಿದ ಬಣ್ಣವೋ, ಹರಿದ ಬಣ್ಣವೋ?

ಪ್ರಶ್ನೆ: ನಾನು ಶಿವಮೊಗ್ಗದವಳು, ಪ್ರೌಢಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತಳಾಗಿದ್ದೇನೆ. ಈ ಜನವರಿಯಲ್ಲಿ ಮಗಳ ಜೊತೆ ಬೆಂಗಳೂರಿನ ಚಿತ್ರಸಂತೆಗೆ ಹೋಗಿದ್ದಾಗ ಒಂದು ಜಲವರ್ಣ ಚಿತ್ರ ಕೊಂಡೆ. ಬೆಲೆ ಆರೂವರೆ ಸಾವಿರ. ಅದರಲ್ಲಿ ಮನುಷ್ಯರಿಲ್ಲ, ಮರವಿಲ್ಲ, ಮನೆಯಿಲ್ಲ. ಮೇಲೆ ಎಡಗಡೆಯಿಂದ ಒಂದು ನೀಲಿ ಇಳಿದು ಬರುತ್ತದೆ, ನಡುವೆ ಬೂದು ಮತ್ತು ಕಾವಿ, ಕೆಳಗೆ ಬಲಮೂಲೆಯ ಹತ್ತಿರ ಒಂದು ಚೂರು ಕೆಂಪು. ಮನೆಗೆ ಬಂದ ನೆಂಟರು ‘ಬಣ್ಣದ ನೀರಿನ ಲೋಟ ಉರುಳಿಸಿದ ಹಾಗಿದೆ, ಇದಕ್ಕೂ ದುಡ್ಡು ಕೊಟ್ಟಿರಾ?’ ಎಂದು ನಗುತ್ತಾರೆ. ತಮ್ಮನ ಮಗ, ನೀಲಿ ಎಂದರೆ ವಿಷಾದ, ಕೆಂಪು ಎಂದರೆ ಕೋಪ, ಹಾಗಾಗಿ ಇದು ಮನಸ್ಸಿನ ತಳಮಳದ ಚಿತ್ರ ಎಂದು ವಿವರಿಸಿದ. ನನಗೆ ಹಾಗೇನೂ ಅನ್ನಿಸುವುದಿಲ್ಲ. ನೋಡುತ್ತ ಕುಳಿತರೆ ಏನೋ ಚಲಿಸುತ್ತಿರುವಂತೆ ಕಾಣುತ್ತದೆ, ಅಷ್ಟೇ. ಏನು ಚಲಿಸುತ್ತಿದೆ ಎಂದರೆ ಉತ್ತರವಿಲ್ಲ. ಇಂಥ ಚಿತ್ರ ನೋಡಲು ಒಂದು ಕ್ರಮವಿದೆಯೇ? ಅಥವಾ ನಾನು ಮೋಸ ಹೋದೆನೇ? ಇನ್ನೊಂದು ವಿಷಯ: ಯಜಮಾನರು ಅದನ್ನು ಹಾಲ್‌ನಲ್ಲಿ ಕಿಟಕಿಯ ಎದುರಿನ ಗೋಡೆಗೆ ಹಾಕೋಣ ಎನ್ನುತ್ತಾರೆ. ಬಿಸಿಲಿಗೆ ಬಣ್ಣ ಹೋಗುತ್ತದೆಯೇ? ಯಾವ ಕಡೆ ಮೇಲೆ ಎಂಬುದೂ ಸಹಿ ನೋಡಿಯೇ ನನಗೆ ಗೊತ್ತಾದದ್ದು. ಫೋಟೊ ಕಳಿಸಿದ್ದೇನೆ.

ಉತ್ತರ: ನಿಮ್ಮ ಪತ್ರದ ಹಿಂದಿರುವ ಅಳುಕು ನನಗೆ ಚೆನ್ನಾಗಿ ಪರಿಚಿತ. ನನ್ನ ಜಲವರ್ಣ ತರಗತಿಗೆ ಬರುವ ಹಿರಿಯರಲ್ಲಿ ಬಹಳಷ್ಟು ಮಂದಿ ಇದನ್ನೇ ಹೇಳುತ್ತಾರೆ. ಚಿತ್ರ ಇಷ್ಟವಾಗಿದೆ, ಯಾಕೆಂದು ಹೇಳಲು ಬರುವುದಿಲ್ಲ, ಆದ್ದರಿಂದ ಆ ಇಷ್ಟವೇ ಸುಳ್ಳಿರಬಹುದೇನೋ ಎಂಬ ಭಯ. ಗಣಿತ ಕಲಿಸಿದವರಿಗೆ ಈ ಭಯ ಇನ್ನೂ ಸ್ವಲ್ಪ ಹೆಚ್ಚೇ ಇರಬೇಕು. ಹೆಜ್ಜೆಗಳನ್ನು ಬರೆಯದೆ ಬರೀ ಉತ್ತರ ಬರೆದವರಿಗೆ ನೀವು ಪೂರ್ತಿ ಅಂಕ ಕೊಟ್ಟಿರಲಿಕ್ಕಿಲ್ಲ. ಆದರೆ ಏನೋ ಚಲಿಸುತ್ತಿರುವಂತೆ ಕಾಣುತ್ತದೆ ಎಂದು ಬರೆದಿರಲ್ಲ, ಅರ್ಧ ಉತ್ತರ ಅಲ್ಲೇ ಇದೆ. ಅದು ನಿಮ್ಮ ಭ್ರಮೆಯಲ್ಲ. ಆ ಕಾಗದದ ಮೇಲೆ ನಿಜವಾಗಿಯೂ ನೀರು ಚಲಿಸಿದೆ.

ಜಲವರ್ಣದಲ್ಲಿ ಇರುವುದು ನುಣ್ಣಗೆ ಅರೆದ ಬಣ್ಣದ ಪುಡಿ, ಅದನ್ನು ಕಾಗದಕ್ಕೆ ಹಿಡಿದಿಡಲು ಜಾಲಿಯ ಜಾತಿಯ ಮರದಿಂದ ಬರುವ ಗಮ್ ಅರೇಬಿಕ್ ಎಂಬ ಅಂಟು, ಆಮೇಲೆ ನೀರು. ನೀರು ತನ್ನ ಕೆಲಸ ಮುಗಿಸಿ ಆವಿಯಾಗಿ ಹೋಗುತ್ತದೆ. ಪುಡಿಯನ್ನು ಅದು ಎಲ್ಲಿಂದ ಎಲ್ಲಿಗೆ ಹೊತ್ತು ತಂದಿತು, ಎಲ್ಲಿ ಇಳಿಸಿತು, ಎಲ್ಲಿ ತಡೆದು ನಿಂತಿತು ಎಂಬುದರ ಗುರುತು ಮಾತ್ರ ಉಳಿಯುತ್ತದೆ. ತೈಲವರ್ಣದಲ್ಲಿ ಓಡುವ ಕುದುರೆಯನ್ನು ಬಿಡಿಸಿದರೆ ಓಟ ಕುದುರೆಯದ್ದು. ಬಣ್ಣ ಕುಂಚ ಇಟ್ಟಲ್ಲೇ ಕುಳಿತಿರುತ್ತದೆ. ಜಲವರ್ಣದಲ್ಲಿ ಬಣ್ಣವೇ ನಡೆದಿರುತ್ತದೆ. ನೆರೆ ಇಳಿದ ಮೇಲೆ ತುಂಗೆಯ ಮರಳಿನಲ್ಲಿ ಉಳಿದ ಗೆರೆಗಳನ್ನು ನೋಡಿ, ನೀರು ಯಾವ ಕಡೆಯಿಂದ ನುಗ್ಗಿತು, ಎಲ್ಲಿ ಸುಳಿ ತಿರುಗಿತು ಎಂದು ಹೊಳೆ ದಂಡೆಯವರು ಹೇಳಬಲ್ಲರು. ನಿಮ್ಮ ಚಿತ್ರವನ್ನು ನೋಡುವುದೂ ಹೆಚ್ಚುಕಡಿಮೆ ಅದೇ ಕೆಲಸ. ‘ಇದು ಯಾವುದರ ಚಿತ್ರ?’ ಎಂಬ ಪ್ರಶ್ನೆಯನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಡಿ. ‘ಇಲ್ಲಿ ಮೊದಲು ಏನಾಯಿತು, ಆಮೇಲೆ ಏನಾಯಿತು?’ ಎಂದು ಕೇಳಿಕೊಳ್ಳಿ. ಅಮೂರ್ತ, ಅಂದರೆ ಯಾವ ವಸ್ತುವಿನ ರೂಪವನ್ನೂ ಬಿಡಿಸದ, ಜಲವರ್ಣಕ್ಕೆ ಇದಕ್ಕಿಂತ ಒಳ್ಳೆಯ ಆರಂಭ ನನಗಂತೂ ಕಂಡಿಲ್ಲ.

ನೀವು ಕಳಿಸಿದ ಫೋಟೊವನ್ನು ಹಿಗ್ಗಿಸಿ ನೋಡಿ, ನನಗೆ ಕಂಡದ್ದನ್ನು ಬರೆಯುತ್ತಿದ್ದೇನೆ. ಮೂಲ ನಿಮ್ಮೆದುರಿಗೇ ಇರುವುದರಿಂದ ನನ್ನ ಮಾತು ಸರಿಯೋ ತಪ್ಪೋ ನೀವೇ ಪರೀಕ್ಷಿಸಬಹುದು.

ಮೊದಲು ಬಂದದ್ದು ನೀಲಿ. ಮೇಲ್ತುದಿಯಲ್ಲಿ ಅದಕ್ಕೆ ಅಂಚೇ ಇಲ್ಲ, ಬಿಳಿಯೊಳಗೆ ಕರಗಿಹೋಗಿದೆ. ಅಂದರೆ ಬಣ್ಣ ತಾಗುವ ಮುಂಚೆಯೇ ಅಲ್ಲಿ ಕಾಗದ ಒದ್ದೆಯಾಗಿತ್ತು. ಒದ್ದೆಯ ಮೇಲೆ ಒದ್ದೆ ಬಿದ್ದರೆ ಬಣ್ಣಕ್ಕೆ ಗಡಿಯಿಲ್ಲ. ಕೆಳಗಿಳಿಯುತ್ತ ಅದರ ಬಲ ಅಂಚು ಬಿಗಿಯಾಗುತ್ತದೆ, ಕೊನೆಗೆ ಒಂದು ಕಡುನೀಲಿ ಗೆರೆಯೇ ಆಗಿಬಿಡುತ್ತದೆ. ಆ ಗೆರೆಯನ್ನು ಯಾರೂ ಎಳೆದಿಲ್ಲ. ಅಲ್ಲಿ ಒದ್ದೆ ಮುಗಿದು ಒಣ ಕಾಗದ ಶುರುವಾಗಿದೆ. ಹಾಗೆ ಬಂದು ನಿಂತ ನೀರು ನಡುವಿಗಿಂತ ಅಂಚಿನಲ್ಲಿ ಬೇಗ ಆರುತ್ತದೆ. ಆರಿದ್ದನ್ನು ತುಂಬಲು ನಡುವಿನಿಂದ ಅಂಚಿಗೆ ನೀರು ಹರಿಯುತ್ತದೆ. ಬರುವಾಗ ಪುಡಿಯನ್ನೂ ಹೊತ್ತು ತಂದು ಅಲ್ಲಿ ಒಟ್ಟುತ್ತದೆ. ಮೇಜಿನ ಮೇಲೆ ಬಿದ್ದ ಕಾಫಿಯ ಹನಿ ಆರಿದಾಗ ಸುತ್ತ ಗಾಢವಾದ ಉಂಗುರ ಉಳಿಯುವುದೂ ಇದೇ ಕಾರಣಕ್ಕೆ. ಷಿಕಾಗೊ ವಿಶ್ವವಿದ್ಯಾಲಯದ ಭೌತವಿಜ್ಞಾನಿಗಳು ಇದನ್ನು ಅಳೆದು ವಿವರಿಸಿದ್ದು 1997ರಲ್ಲಿ. ಜಲವರ್ಣದವರು ಕಾರಣ ಗೊತ್ತಿಲ್ಲದೆಯೇ ಅದಕ್ಕೂ ಎಷ್ಟೋ ಮೊದಲಿನಿಂದ ಅದನ್ನು ಬಳಸಿಕೊಳ್ಳುತ್ತಿದ್ದರು.

ನೀಲಿಯ ಒಳಗೆ ಸಣ್ಣ ಕಾಳುಕಾಳು ಕಾಣುತ್ತದೆಯೇ ನೋಡಿ. ಕೆಲವು ಬಣ್ಣಗಳ ಪುಡಿ ಕಾಗದದ ಉಬ್ಬುತಗ್ಗುಗಳಲ್ಲಿ ತಗ್ಗನ್ನೇ ಹುಡುಕಿಕೊಂಡು ಕೂರುತ್ತದೆ. ಅಲ್ಟ್ರಾಮರೀನ್, ಕೋಬಾಲ್ಟ್ ನೀಲಿ, ಕೆಲವು ಮಣ್ಣಿನ ಬಣ್ಣಗಳು ಈ ಜಾತಿಯವು. ಥ್ಯಾಲೊ ನೀಲಿಯಂಥವು ಅತಿ ನುಣುಪು. ಅವು ನಾರಿನೊಳಗೇ ಇಳಿದು ಕಲೆಯಂತೆ ಹಿಡಿದುಕೊಳ್ಳುತ್ತವೆ, ಸಪಾಟಾಗಿ ಕಾಣುತ್ತವೆ. ನಿಮ್ಮದು ಅಲ್ಟ್ರಾಮರೀನ್ ಇರಬೇಕು, ಫೋಟೊ ನೋಡಿ ಆಣೆ ಮಾಡಲಾರೆ. ಕಾಳಿರುವ ನೀಲಿ ಹತ್ತಿರದಿಂದ ಚುಕ್ಕೆಗಳಾಗಿಯೂ ದೂರದಿಂದ ಒಂದೇ ಬಣ್ಣವಾಗಿಯೂ ಕಾಣುತ್ತದೆ. ಕುರ್ಚಿಯ ದೂರದಲ್ಲಿ ಕಣ್ಣು ಇವೆರಡರ ನಡುವೆ ಓಲಾಡುತ್ತದೆ. ನಿಮಗೆ ಕಾಣುವ ಚಲನೆಯಲ್ಲಿ ಇದರದ್ದೂ ಪಾಲಿದೆ.

ನಡುವಿನ ಕಾವಿಯಲ್ಲಿ ಹಲ್ಲುಹಲ್ಲಾದ ಅಂಚಿನ ಒಂದು ಗುರುತಿದೆ. ಚಿತ್ರಕಾರರು ಅದನ್ನು ಕಾಲಿಫ್ಲವರ್ ಎನ್ನುತ್ತಾರೆ. ಮೊದಲ ಬಣ್ಣ ಅರ್ಧ ಆರಿದಾಗ, ನೀರು ಹೆಚ್ಚಿರುವ ಇನ್ನೊಂದು ಹನಿ ಬಿದ್ದರೆ, ಹೊಸ ನೀರು ಹಳೆಯ ಪುಡಿಯನ್ನು ಸುತ್ತಲೂ ತಳ್ಳಿಕೊಂಡು ಹೋಗಿ ತಾನು ನಿಂತಲ್ಲಿ ರಾಶಿ ಹಾಕುತ್ತದೆ. ನಿಸರ್ಗಚಿತ್ರ ಕಲಿಸುವ ಮೇಷ್ಟರ ಕಣ್ಣಿಗೆ ಇದು ತಪ್ಪು. ಆಕಾಶದಲ್ಲಿ ಕಾಲಿಫ್ಲವರ್ ಬಂದರೆ ಹಾಳೆಯನ್ನೇ ಹರಿದು ಎಸೆಯುವವರಿದ್ದಾರೆ. ನಿಮ್ಮ ಚಿತ್ರಕಾರರು ಉಳಿಸಿಕೊಂಡಿದ್ದಾರೆ. ಬೇಕೆಂದೋ, ಸೋಮಾರಿತನದಿಂದಲೋ? ಅದರ ಕೆಳಗೆ, ಇನ್ನೂ ಸಣ್ಣದಾಗಿ, ಅದೇ ಆಕಾರ ಮತ್ತೊಮ್ಮೆ ಬಂದಿರುವುದನ್ನು ಗಮನಿಸಿ. ಮೊದಲನೆಯದು ಆಕಸ್ಮಿಕವಾಗಿರಬಹುದು. ಆ ಆಕಸ್ಮಿಕವನ್ನು ಕಂಡು, ಮೆಚ್ಚಿ, ಅದಕ್ಕೆ ಜೊತೆಯಾಗಿ ಎರಡನೆಯದನ್ನು ಇಟ್ಟಿದ್ದರೆ ಅಲ್ಲಿ ಒಬ್ಬರ ಬುದ್ಧಿ ಕೆಲಸ ಮಾಡಿದೆ. ಲೋಟ ಉರುಳಿದ್ದಕ್ಕೂ ಚಿತ್ರಕ್ಕೂ ಇರುವ ವ್ಯತ್ಯಾಸವನ್ನು ನಾನು ಹುಡುಕುವುದು ಇಂಥ ಕಡೆ: ಆದದ್ದಕ್ಕೆ ಯಾರಾದರೂ ಉತ್ತರ ಕೊಟ್ಟಿದ್ದಾರೆಯೇ?

ಕೆಂಪು ಎಲ್ಲಕ್ಕಿಂತ ಕೊನೆಗೆ ಬಂದದ್ದು. ಅದರ ಅಂಚು ಎಲ್ಲೂ ಕರಗಿಲ್ಲ, ಗೆರೆಯ ನಡುವೆ ಕಾಗದದ ಬಿಳಿ ಚುಕ್ಕೆಚುಕ್ಕೆಯಾಗಿ ಇಣುಕುತ್ತಿದೆ. ಹಾಳೆ ಪೂರ್ತಿ ಆರಿದ ಮೇಲೆ, ನೀರು ಕಡಿಮೆಯಿರುವ ಕುಂಚವನ್ನು ಸರ್ರನೆ ಎಳೆದರೆ ಹೀಗಾಗುತ್ತದೆ. ನಿಧಾನ ಎಳೆದಿದ್ದರೆ ತಗ್ಗುಗಳೂ ತುಂಬಿಹೋಗುತ್ತಿದ್ದವು. ಈಗ ಎಲ್ಲವನ್ನೂ ಒಟ್ಟಿಗೆ ನೋಡಿ. ನೀಲಿ, ಹಾಳೆಯನ್ನು ಓರೆ ಹಿಡಿದಷ್ಟಕ್ಕೆ ತಕ್ಕಂತೆ ಸಾವಕಾಶವಾಗಿ ಇಳಿದಿದೆ. ಅದನ್ನು ಎಳೆದದ್ದು ಭೂಮಿಯ ಸೆಳೆತ. ಕಾವಿ ಬಿದ್ದಲ್ಲೇ ಹಬ್ಬಿದೆ. ಕೆಂಪು ಮಣಿಕಟ್ಟಿನ ಒಂದೇ ಬೀಸಿನಲ್ಲಿ ಬಂದುಹೋಗಿದೆ. ಒಂದು ಹಾಳೆಯಲ್ಲಿ ಮೂರು ವೇಗಗಳಿವೆ. ಏನು ಚಲಿಸುತ್ತಿದೆ ಎಂದು ಕೇಳುವವರಿಗೆ ಇದನ್ನೇ ತೋರಿಸಿ.

ಚಲನೆಯ ಬಗ್ಗೆ ಒಂದು ಹಳೆಯ ನಂಬಿಕೆಯಿದೆ. ಚಿತ್ರಕಲೆಯ ಕೈಪಿಡಿಗಳು ಚಿತ್ರದ ಮೇಲೆ ಬಾಣ ಹಾಕಿ, ಕಣ್ಣು ಇಲ್ಲಿ ಒಳಬಂದು ಹೀಗೆ ಬಳಸಿ ಅಲ್ಲಿ ನಿಲ್ಲುತ್ತದೆ ಎಂದು ತೋರಿಸುತ್ತವೆ. ತಮ್ಮ ಕಣ್ಣು ಬಾಣದ ದಾರಿಯಲ್ಲಿ ಹೋಗಲಿಲ್ಲವೆಂದು ಕೊರಗುವವರನ್ನೂ ನೋಡಿದ್ದೇನೆ. ಷಿಕಾಗೊದ ಗೈ ಬಸ್ವೆಲ್ ಎಂಬ ಮನಶ್ಶಾಸ್ತ್ರಜ್ಞ, ಜನ ಚಿತ್ರ ನೋಡುವಾಗ ಅವರ ಕಣ್ಣು ಹೇಗೆ ಓಡಾಡುತ್ತದೆ ಎಂಬುದನ್ನು ದಾಖಲಿಸಿ 1935ರಲ್ಲೇ ಪ್ರಕಟಿಸಿದ. ಕಣ್ಣು ಗೆರೆ ಹಿಡಿದು ಜಾರುವುದಿಲ್ಲ. ಸೆಕೆಂಡಿಗೆ ಸುಮಾರು ಮೂರು ಬಾರಿ ಒಂದೆಡೆಯಿಂದ ಇನ್ನೊಂದೆಡೆಗೆ ನೆಗೆಯುತ್ತದೆ, ಒಬ್ಬೊಬ್ಬರದು ಒಂದೊಂದು ದಾರಿ. ಕಣ್ಣಿಗೆ ಒಮ್ಮೆಗೆ ಸ್ಪಷ್ಟವಾಗಿ ಕಾಣುವುದು, ತೋಳು ಚಾಚಿ ಹಿಡಿದ ಹೆಬ್ಬೆರಳಿನ ಉಗುರಿನಷ್ಟು ಜಾಗ ಮಾತ್ರ. ಬಿಗಿಯಾದ ಅಂಚು, ಗಾಢ ಮತ್ತು ತಿಳಿ ಎದುರುಬದುರಾಗುವ ಜಾಗ ಅದನ್ನು ಮತ್ತೆ ಮತ್ತೆ ಕರೆಯುತ್ತವೆ. ಕರಗಿದ ಅಂಚಿನಲ್ಲಿ ಹಿಡಿದುಕೊಳ್ಳಲು ಏನೂ ಸಿಗದೆ ಅದು ಮುಂದಕ್ಕೆ ಹಾಯುತ್ತದೆ. ಆದ್ದರಿಂದ ಬಾಣ ಹುಡುಕಬೇಡಿ. ಬಿಗಿ ಅಂಚುಗಳು ಎಲ್ಲೆಲ್ಲಿವೆ, ಕರಗಿದವು ಎಲ್ಲೆಲ್ಲಿವೆ ಎಂದು ನೋಡಿ. ನೆಗೆತದ ಲಯ ಹುಟ್ಟುವುದು ಅವುಗಳ ಹಂಚಿಕೆಯಿಂದ.

ಇನ್ನು ನಿಮ್ಮ ಸೋದರಳಿಯನ ಮಾತು. ಒಂದೊಂದು ಬಣ್ಣಕ್ಕೆ ಒಂದೊಂದು ಭಾವವನ್ನು ಗಂಟುಹಾಕುವ ಪಟ್ಟಿಗಳು ಮೊಬೈಲಿನಲ್ಲಿ ಬೇಕಾದಷ್ಟು ಸಿಗುತ್ತವೆ. ಕೃಷ್ಣನ ನೀಲಿಯಲ್ಲಿ ವಿಷಾದ ಹುಡುಕಿದವರುಂಟೇ? ಕುಂಕುಮದಲ್ಲಿ ಮಂಗಳಕರವಾದ ಕೆಂಪೇ ಯಕ್ಷಗಾನದ ಬಣ್ಣದ ವೇಷದಲ್ಲಿ ರೌದ್ರವಾಗುತ್ತದೆ. ರಷ್ಯಾದ ವಾಸಿಲಿ ಕ್ಯಾಂಡಿನ್ಸ್ಕಿಯಂಥ ದೊಡ್ಡ ಕಲಾವಿದ ಕೂಡ, ಹಳದಿ ನೋಡುವವರ ಕಡೆಗೆ ನುಗ್ಗಿ ಬರುತ್ತದೆ, ನೀಲಿ ಒಳಕ್ಕೆ ಸರಿಯುತ್ತದೆ ಎಂದು 1911ರ ಕೊನೆಗೆ ಪ್ರಕಟಿಸಿದ ಪುಸ್ತಕದಲ್ಲಿ ಖಚಿತವಾಗಿ ಬರೆದ. ಅದು ಅವನ ಅನುಭವ, ಅವನ ಚಿತ್ರಗಳಿಗೆ ಅದರಿಂದ ಬಲ ಬಂದದ್ದೂ ನಿಜ. ಹಾಗೆಂದು ಅದು ನಿಮ್ಮ ಗೋಡೆಯ ಚಿತ್ರಕ್ಕೆ ಕೀಲಿಕೈ ಆಗುವುದಿಲ್ಲ.

ಬಣ್ಣದ ವಿಷಯದಲ್ಲಿ ನಿಜವಾಗಿಯೂ ಪರೀಕ್ಷಿಸಿ ನೋಡಬಹುದಾದದ್ದು ನೆರೆಹೊರೆ. ಪ್ಯಾರಿಸ್ಸಿನ ಗೊಬ್ಲ್ಯಾಂ ನೇಯ್ಗೆ ಕಾರ್ಖಾನೆಯಲ್ಲಿ ಬಣ್ಣದ ವಿಭಾಗದ ಮುಖ್ಯಸ್ಥನಾಗಿದ್ದ ರಸಾಯನಶಾಸ್ತ್ರಜ್ಞ ಷೆವ್ರಲ್‌ನ ಬಳಿಗೆ ಒಂದು ದೂರು ಬಂತು: ಕಪ್ಪು ನೂಲು ಸಪ್ಪೆಯಾಗಿ ಕಾಣುತ್ತಿದೆ, ಬಣ್ಣ ಸರಿಯಿಲ್ಲ. ಅವನು ಪರೀಕ್ಷಿಸಿದರೆ ಬಣ್ಣದಲ್ಲಿ ದೋಷವಿರಲಿಲ್ಲ. ಪಕ್ಕದಲ್ಲಿದ್ದ ನೀಲಿ, ನೇರಳೆ ನೂಲುಗಳು ಕಪ್ಪನ್ನು ಮಂಕಾಗಿಸುತ್ತಿದ್ದವು. 1839ರಲ್ಲಿ ಅವನು ಇದನ್ನೇ ದೊಡ್ಡ ಗ್ರಂಥವಾಗಿ ಬರೆದ. ನೀವು ಮನೆಯಲ್ಲೇ ಮಾಡಿ ನೋಡಿ. ಬಿಳಿ ರಟ್ಟಿನಲ್ಲಿ ಬೆರಳು ತೂರುವಷ್ಟು ತೂತು ಮಾಡಿ, ಚಿತ್ರಕ್ಕೆ ತಾಗದಂತೆ ಹಿಡಿದು, ನಡುವಿನ ಬೂದನ್ನು ಮಾತ್ರ ನೋಡಿ. ಬರೀ ಬೂದು. ರಟ್ಟು ತೆಗೆದರೆ ಅದೇ ಬೂದು ನೀಲಿಯ ಪಕ್ಕದಲ್ಲಿ ಕೊಂಚ ಕಂದು, ಕಾವಿಯ ಪಕ್ಕದಲ್ಲಿ ಕೊಂಚ ನೀಲಿ. ಬಣ್ಣವನ್ನು ಒಂದೊಂದಾಗಿ ಹೆಸರಿಸಿ ಅರ್ಥ ಹಚ್ಚುವ ಪಟ್ಟಿ ಇಲ್ಲೇ ಮುರಿದುಬೀಳುತ್ತದೆ.

ಅದೇ ರಟ್ಟಿನಿಂದ ಕೆಂಪನ್ನು ಮರೆಮಾಡಿ. ನೀಲಿಯ ಇಳಿತಕ್ಕೆ ತಡೆಯೇ ಇಲ್ಲದೆ, ಎಲ್ಲವೂ ಜಾರಿ ಹಾಳೆಯಿಂದ ಆಚೆ ಹೋಗುವಂತೆ ನನಗೆ ಕಂಡಿತು. ರಟ್ಟು ತೆಗೆದರೆ ಇಳಿತಕ್ಕೆ ಒಂದು ಅಡ್ಡಗಟ್ಟೆ ಬಂತು. ಇಷ್ಟು ದೊಡ್ಡ ನೀಲಿಯನ್ನು ಅಷ್ಟು ಚಿಕ್ಕ ಕೆಂಪು ತಡೆಯುವುದಾದರೂ ಹೇಗೆ? ಅದರ ಅಂಚು ಬಿಗಿ, ಅದು ಅಲ್ಲಿ ಒಬ್ಬಂಟಿ, ಮತ್ತು ಸುತ್ತಲಿನದೆಲ್ಲ ಮಂದ ಬಣ್ಣ. ಇನ್ನೊಂದು ಪ್ರಯೋಗ: ಮೊಬೈಲಿನಲ್ಲಿ ಚಿತ್ರದ ಫೋಟೊ ತೆಗೆದು ಕಪ್ಪುಬಿಳುಪು ಮಾಡಿ. ಚಲನೆ ಬಹುಪಾಲು ಉಳಿದರೆ ಅದನ್ನು ಹೊತ್ತಿರುವುದು ಗಾಢ ತಿಳಿಗಳ ಏರಿಳಿತ. ಮಾಯವಾದರೆ ಬಣ್ಣಬಣ್ಣಗಳ ನಡುವಿನ ಜಗ್ಗಾಟ. ನಿಮ್ಮದರಲ್ಲಿ ಇಳಿತ ಉಳಿಯುತ್ತದೆ, ಅಡ್ಡಗಟ್ಟೆ ಮಾಯವಾಗುತ್ತದೆ. ಕೆಂಪು ಮತ್ತು ಕಾವಿ ಒಂದೇ ಗಾಢತೆಯವಾದ್ದರಿಂದ.

ಹಾಳೆಯ ಖಾಲಿ ಬಿಳಿಯನ್ನೂ ಬಣ್ಣವೆಂದೇ ಲೆಕ್ಕಹಾಕಿ. ಬೆಳಕು ತೆಳು ಬಣ್ಣದ ಪದರವನ್ನು ದಾಟಿ ಒಳಗಿನ ಬಿಳಿ ಕಾಗದಕ್ಕೆ ಬಡಿದು, ಮತ್ತೆ ಅದೇ ಬಣ್ಣವನ್ನು ದಾಟಿ ನಿಮ್ಮ ಕಣ್ಣಿಗೆ ಬರುತ್ತದೆ. ಜಲವರ್ಣದ ಹೊಳಪು ಇದು. 1917ರಲ್ಲಿ ಟೆಕ್ಸಾಸ್‌ನ ಕ್ಯಾನ್ಯನ್ ಎಂಬ ಊರಿನಲ್ಲಿ ಕಲಾಶಿಕ್ಷಕಿಯಾಗಿದ್ದ ಜಾರ್ಜಿಯಾ ಓಕೀಫ್ ಸಂಜೆಯ ನಕ್ಷತ್ರವನ್ನು ಮತ್ತೆ ಮತ್ತೆ ಜಲವರ್ಣದಲ್ಲಿ ಬರೆದಾಗ, ಒಂದು ಬಣ್ಣದ ಪಟ್ಟಿಗೂ ಇನ್ನೊಂದಕ್ಕೂ ನಡುವೆ ಕಾಗದದ ತೆಳು ಬಿಳಿಯನ್ನು ಬಿಡುತ್ತಿದ್ದಳು. ಅದರಿಂದ ಬಣ್ಣಗಳು ಒಂದಕ್ಕೊಂದು ಹರಿಯುತ್ತಿರಲಿಲ್ಲ, ನೋಡುವವರಿಗೆ ಆಕಾಶ ಮಿಡಿಯುವಂತೆಯೂ ಕಾಣುತ್ತಿತ್ತು. ಬಿಳಿ ಬಿಟ್ಟಲ್ಲಿ ನೀರನ್ನು ತಡೆದಿದ್ದಾರೆ ಎಂದರ್ಥ. ಬಿಡದಲ್ಲಿ ಅದನ್ನು ನಂಬಿದ್ದಾರೆ.

ನಿಮ್ಮ ನೆಂಟರ ನಗುವಿಗೆ ನೂರು ವರ್ಷ ಮೀರಿದ ವಯಸ್ಸಾಗಿದೆ. ಮೊದಲ ಅಮೂರ್ತ ಜಲವರ್ಣ ಎಂದು ಹೆಸರಾದ ಕ್ಯಾಂಡಿನ್ಸ್ಕಿಯ ಹಾಳೆ ಈಗ ಪ್ಯಾರಿಸ್ಸಿನ ಪಾಂಪಿಡೂ ಕೇಂದ್ರದ ಸಂಗ್ರಹದಲ್ಲಿದೆ. ಅವನು ಅದರ ಮೇಲೆ 1910 ಎಂದು ಬರೆದಿದ್ದರೂ, ಅದು 1913ರ ಹೊತ್ತಿನದು ಎಂಬುದು ಬಹಳಷ್ಟು ವಿದ್ವಾಂಸರ ವಾದ. ‘ಮೊದಲ’ ಎನ್ನಿಸಿಕೊಳ್ಳುವ ಆಸೆ ದೊಡ್ಡವರನ್ನೂ ಬಿಡುವುದಿಲ್ಲ. ಪಾಲ್ ಕ್ಲೀ 1914ರ ಏಪ್ರಿಲ್‌ನಲ್ಲಿ ಟುನೀಶಿಯಾಕ್ಕೆ ಹೋಗಿ ಅಲ್ಲಿಯ ಬೆಳಕನ್ನು ಜಲವರ್ಣದ ಚೌಕಗಳಾಗಿ ಹಿಡಿದ. ಇವರಿಬ್ಬರ ಕಾಗದದ ಮೇಲಿನ ಕೃತಿಗಳು ನಮ್ಮ ದೇಶಕ್ಕೆ ಬಂದದ್ದೂ ಬೇಗನೇ. 1922ರ ಡಿಸೆಂಬರ್‌ನಲ್ಲಿ ಕೊಲ್ಕತ್ತಾದಲ್ಲಿ ಜರ್ಮನಿಯ ಬೌಹೌಸ್ ಎಂಬ ಕಲಾಶಾಲೆಯ ಕಲಾವಿದರ ಪ್ರದರ್ಶನ ನಡೆಯಿತು. ಮುಂದೆ 1950ರ ದಶಕದಲ್ಲಿ ಮುಂಬಯಿಯ ವಿ. ಎಸ್. ಗಾಯತೊಂಡೆ ಕ್ಲೀಯನ್ನು ಅರಗಿಸಿಕೊಂಡು ತಮ್ಮದೇ ದಾರಿ ಹಿಡಿದರು. ಅಷ್ಟರಲ್ಲಿ ನಗುವವರೂ ಒಂದೆರಡು ತಲೆಮಾರು ಬದಲಾಗಿದ್ದರು.

ಮಗುವೂ ಇದನ್ನು ಮಾಡಬಹುದಲ್ಲ ಎಂಬ ಮಾತನ್ನು ಪ್ರಯೋಗಕ್ಕೆ ಒಡ್ಡಿದವರಿದ್ದಾರೆ. 2011ರಲ್ಲಿ ಬೋಸ್ಟನ್ ಕಾಲೇಜಿನ ಮನಶ್ಶಾಸ್ತ್ರಜ್ಞರಿಬ್ಬರು, ಹೆಸರಾಂತ ಅಮೂರ್ತ ಕಲಾವಿದರ ಚಿತ್ರವನ್ನು ಮಗುವಿನದೋ ಪ್ರಾಣಿಯದೋ ಚಿತ್ರದ ಪಕ್ಕ ಇಟ್ಟು, ಯಾವುದು ಉತ್ತಮ ಎಂದು ಕೇಳಿದರು. ಕೆಲವು ಚಿತ್ರಗಳಿಗೆ ಬೇಕೆಂದೇ ತಪ್ಪು ಚೀಟಿ ಅಂಟಿಸಿದ್ದರು. ಆದರೂ ಸುಮಾರು ಮೂರರಲ್ಲಿ ಎರಡು ಪಾಲು ಸಲ ಜನ ಕಲಾವಿದರದನ್ನೇ ಆರಿಸಿದರು. ನಾಣ್ಯ ಚಿಮ್ಮಿದರೆ ಅರ್ಧ ಬರಬೇಕಿತ್ತು. ಗಣಿತದವರಾದ ನಿಮಗೆ ಉಳಿದ ಮೂರನೇ ಒಂದು ಪಾಲೂ ಕಾಣಿಸುತ್ತದೆ. ಅಂದರೆ ಕಣ್ಣು ಪೂರ್ತಿ ಕುರುಡೂ ಅಲ್ಲ, ಪೂರ್ತಿ ನಂಬಿಕಸ್ಥವೂ ಅಲ್ಲ.

ಮೋಸದ ವಿಷಯ. ಆರೂವರೆ ಸಾವಿರಕ್ಕೆ ಈ ಚಿತ್ರ ಅಗ್ಗವೋ ದುಬಾರಿಯೋ ಎಂದು ಫೋಟೊ ನೋಡಿ ಹೇಳುವುದು ಪ್ರಾಮಾಣಿಕವಾಗದು. ನಿಜವಾದ ಮೋಸವೆಂದರೆ ಮುದ್ರಿಸಿದ ಪ್ರತಿಯನ್ನು ಮೂಲವೆಂದು ಮಾರುವುದು, ಅದನ್ನು ನೀವೇ ಪತ್ತೆಹಚ್ಚಬಹುದು. ಭೂತಗನ್ನಡಿಯಲ್ಲಿ ನೋಡಿ: ಮುದ್ರಣವಾದರೆ ಎಲ್ಲ ಕಡೆ ಒಂದೇ ಬಗೆಯ ಬಣ್ಣಬಣ್ಣದ ಸಣ್ಣ ಚುಕ್ಕೆಗಳು, ಮೂಲವಾದರೆ ನೀಲಿಯ ಕಾಳು ಕಾಗದದ ತಗ್ಗುಗಳಲ್ಲಿ ನಿಜವಾಗಿ ಕುಳಿತಿರುತ್ತದೆ. ನೀರು ಹೆಚ್ಚು ಬಿದ್ದ ಕಡೆ ಹಾಳೆ ಕೊಂಚ ಅಲೆಯೆದ್ದಿರುವುದೂ ಉಂಟು. ಕಾಗದ ಹತ್ತಿಯದೋ, ಚದರ ಮೀಟರಿಗೆ 300 ಗ್ರಾಂ ತೂಕದ್ದೋ ಎಂದು ಚಿತ್ರಕಾರರನ್ನೇ ಕೇಳಿ. ಕೇಳಿದರೆ ಬೇಸರಪಡುವವರು ಕಡಿಮೆ, ಖುಷಿಪಡುವವರೇ ಹೆಚ್ಚು.

ನೋಡುವ ಅಭ್ಯಾಸ ಬೆಳೆಸಿಕೊಳ್ಳುವುದಕ್ಕೆ ದಾರಿಗಳು ಹಲವಿವೆ, ಯಾವುದೂ ಅಪಾಯವಿಲ್ಲದ್ದಲ್ಲ. ನಾನು ಮೇಲೆ ಮಾಡಿದಂತೆ ಬಣ್ಣ ಬಿದ್ದ ಕ್ರಮವನ್ನು ಬಿಡಿಸುವುದು ಒಂದು. ಇದರಲ್ಲೇ ಮುಳುಗಿದರೆ ಚಿತ್ರ ಬರೀ ತಂತ್ರದ ಪಾಠವಾಗಿ, ನಿಮಗೆ ಮೊದಲ ದಿನ ಆದ ಸಂತೋಷ ಆರಿಹೋಗಬಹುದು. ಹಾಗಾದ ದಿನ ಬಿಟ್ಟುಬಿಡಿ. ಮೋಡ, ಬೆಟ್ಟ, ಹಕ್ಕಿ ಎಂದು ಆಕಾರ ಹುಡುಕುವುದು ಇನ್ನೊಂದು. ಅದನ್ನು ನಾನು ನಿಷೇಧಿಸುವುದಿಲ್ಲ, ಮನಸ್ಸು ಹೇಗೂ ಹುಡುಕುತ್ತದೆ. ಆದರೆ ಒಮ್ಮೆ ಹಕ್ಕಿ ಕಂಡರೆ ಆಮೇಲೆ ಹಕ್ಕಿಯನ್ನು ಬಿಟ್ಟು ಬೇರೇನೂ ಕಾಣುವುದಿಲ್ಲ. ಚಿತ್ರಕಾರರ ವಿವರಣೆಯನ್ನು ಓದಿಕೊಂಡು ನೋಡುವುದಾದರೆ, ಓದು ನೋಟದ ಆಮೇಲೆ ಇರಲಿ. ಕೆಲವರ ವಿವರಣೆ ಅವರ ಚಿತ್ರಕ್ಕಿಂತ ಹೆಚ್ಚು ಅಮೂರ್ತವಾಗಿರುತ್ತದೆ.

ನಾನು ಹೆಚ್ಚು ಒತ್ತಿ ಹೇಳುವುದು, ನೀವೇ ಒಂದು ಹಾಳೆ ಕೆಡಿಸಿ ನೋಡಿ ಎಂದು. ಎರಡೇ ಬಣ್ಣ, ಒಂದು ಕುಂಚ, ಜಲವರ್ಣದ ಕಾಗದ ಸಾಕು. ಸಾಮಾನ್ಯ ಡ್ರಾಯಿಂಗ್ ಹಾಳೆ ಬೇಡ, ಅದು ನೀರನ್ನು ಹೀರಿ ಮುದುಡುತ್ತದೆ, ತಪ್ಪು ನಿಮ್ಮದೆಂದು ನೀವು ತಿಳಿಯುತ್ತೀರಿ. ಅರ್ಧ ಹಾಳೆ ಒದ್ದೆ ಮಾಡಿ, ಅರ್ಧ ಒಣ ಬಿಟ್ಟು, ಗಡಿಯ ಮೇಲೆ ಬಣ್ಣ ಇಟ್ಟು ಓರೆ ಹಿಡಿಯಿರಿ. ಆರಿದ ಮೇಲೆ ಬಣ್ಣ ಒದ್ದೆಯಿದ್ದಾಗಿನದಕ್ಕಿಂತ ತಿಳಿಯಾಗುತ್ತದೆ, ಗಾಬರಿಬೇಡ. ಒಂದು ಮಧ್ಯಾಹ್ನ ಹೀಗೆ ಕಳೆದರೆ, ನಿಮ್ಮ ಗೋಡೆಯ ಆ ನೀಲಿಯನ್ನು ಅಲ್ಲಿ ನಿಲ್ಲಿಸಲು ಎಷ್ಟು ಕೈಚಳಕ ಬೇಕೆಂಬುದು ನಿಮಗೆ ನನ್ನ ಈ ಉದ್ದ ಉತ್ತರಕ್ಕಿಂತ ಚೆನ್ನಾಗಿ ತಿಳಿದಿರುತ್ತದೆ. ಬೆಂಗಳೂರಿಗೆ ಹೋದಾಗ ಕೆ. ವೆಂಕಟಪ್ಪ ಮತ್ತು ರುಮಾಲೆ ಚೆನ್ನಬಸವಯ್ಯ ಅವರ ಜಲವರ್ಣಗಳನ್ನೂ ನೋಡಿ ಬನ್ನಿ. ಇಬ್ಬರೂ ಅಮೂರ್ತದವರಲ್ಲ. ವೆಂಕಟಪ್ಪನವರ ನೀಲಗಿರಿ ದೃಶ್ಯಗಳಲ್ಲಿ ಮಂಜು ಅಂಚನ್ನು ಕರಗಿಸುವ ಬಗೆಯನ್ನು, ರುಮಾಲೆಯವರ ಹೂ ಬಿಟ್ಟ ಮರಗಳಲ್ಲಿ ಬಣ್ಣ ಎಲೆಯ ಆಕಾರವನ್ನು ದಾಟಿ ಹೋಗುವ ಬಗೆಯನ್ನು ಹತ್ತಿರದಿಂದ ಗಮನಿಸಿದರೆ, ಅಮೂರ್ತಕ್ಕೆ ಇರುವ ದೂರ ನಾವು ಅಂದುಕೊಂಡಷ್ಟಿಲ್ಲ ಎನಿಸುತ್ತದೆ.

ಯಾವ ಕಡೆ ಮೇಲೆ ಎಂಬ ಮುಜುಗರ ಬಿಡಿ. 1961ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದಲ್ಲಿ ಫ್ರಾನ್ಸಿನ ಹೆಸರಾಂತ ಕಲಾವಿದ ಮತೀಸ್‌ನ ದೋಣಿಯ ಚಿತ್ರವೊಂದು 47 ದಿನ ತಲೆಕೆಳಗಾಗಿ ತೂಗುತ್ತಿತ್ತು. ನಿಮ್ಮ ಚಿತ್ರಕ್ಕೆ ಸಹಿಗಿಂತ ಗಟ್ಟಿಯಾದ ಸಾಕ್ಷಿಯಿದೆ: ನೀಲಿಯ ಕಡುಗೆರೆ ತುಂಬಿಕೊಂಡಿರುವ ತುದಿ, ಬಣ್ಣ ಹರಿಯುವಾಗ ಕೆಳಗಿತ್ತು. ಆದರೂ ಅದನ್ನು ಒಮ್ಮೆ ತಿರುಗಿಸಿ ನೋಡಿ. ಇಳಿಯುವ ನೀಲಿ ಏರತೊಡಗುತ್ತದೆ, ಕೆಂಪು ಮೇಲೆ ತೇಲುತ್ತದೆ, ಚಿತ್ರ ಸಡಿಲವಾಗುತ್ತದೆ. ಹಾಗೆ ಆಗದಿದ್ದರೆ, ನಿಮಗೆ ಇಷ್ಟವಾದಂತೆ ತೂಗುಹಾಕಿ, ಪೊಲೀಸರು ಬರುವುದಿಲ್ಲ.

ಕಿಟಕಿಯ ಎದುರಿನ ಗೋಡೆಗೆ ಮಾತ್ರ ನನ್ನ ಒಪ್ಪಿಗೆಯಿಲ್ಲ. ಜಲವರ್ಣದ ಪದರ ತೆಳು, ಮೇಲೆ ರಕ್ಷಣೆಗೆ ಎಣ್ಣೆಯೂ ಇಲ್ಲ, ವಾರ್ನಿಷೂ ಇಲ್ಲ. ವಸ್ತುಸಂಗ್ರಹಾಲಯಗಳು ಇಂಥ ಕೃತಿಗಳಿಗೆ ಸಾಮಾನ್ಯವಾಗಿ 50 ಲಕ್ಸ್ ಬೆಳಕಿನ ಮಿತಿ ಇಟ್ಟುಕೊಳ್ಳುತ್ತವೆ (ಲಕ್ಸ್ ಎಂದರೆ ಒಂದು ಜಾಗಕ್ಕೆ ಬೀಳುವ ಬೆಳಕಿನ ಅಳತೆ). ಕಿಟಕಿಯೆದುರಿನ ಗೋಡೆಯಲ್ಲಿ ಹಗಲು ಅದರ ಎಷ್ಟೋ ಪಟ್ಟು ಇರುತ್ತದೆ, ನೇರ ಬಿಸಿಲಾದರೆ ಹತ್ತಾರು ಸಾವಿರ ಲಕ್ಸ್. ಹಾನಿ ದಿನದಿನವೂ ಸೇರುತ್ತ ಹೋಗುತ್ತದೆ, ಹೋದ ಬಣ್ಣ ಮರಳುವುದಿಲ್ಲ. ಎಲ್ಲ ಬಣ್ಣವೂ ಒಂದೇ ವೇಗದಲ್ಲಿ ಹೋಗುವುದೂ ಇಲ್ಲ. ಕಾವಿ ಮಣ್ಣಿನದು, ನಮ್ಮ ಮೊಮ್ಮಕ್ಕಳ ಕಾಲಕ್ಕೂ ಇರುತ್ತದೆ. ಅಲ್ಟ್ರಾಮರೀನ್ ಕೂಡ ಬೆಳಕಿಗೆ ಗಟ್ಟಿ. ನನಗೆ ಚಿಂತೆ ಕೆಂಪಿನದು. ಅದು ಅಲಿಜರಿನ್ ಕ್ರಿಮ್ಸನ್ ಆಗಿದ್ದರೆ ಬೆಳಕಿಗೆ ಮೊದಲು ಬಲಿಯಾಗುವುದು ಅದೇ. ಹತ್ತೊಂಬತ್ತನೇ ಶತಮಾನದ ಇಂಗ್ಲಿಷ್ ಜಲವರ್ಣಗಳಲ್ಲಿ ಇಂಡಿಗೋ ನೀಲಿ ಮತ್ತು ಇಂಡಿಯನ್ ರೆಡ್ ಬೆರೆಸಿ ಬಿಡಿಸಿದ ಬೂದು ಮೋಡಗಳು, ಇಂಡಿಗೋ ಹಾರಿಹೋಗಿ ಕೆಂಪಾಗಿ ಉಳಿದದ್ದುಂಟು. ಈ ಕುರಿತು ರಸೆಲ್ ಮತ್ತು ಅಬ್ನಿ ಎಂಬುವರು 1888ರಲ್ಲಿ ಬ್ರಿಟಿಷ್ ಸರ್ಕಾರಕ್ಕೆ ವರದಿಯನ್ನೇ ಕೊಟ್ಟರು. ನಿಮ್ಮದರಲ್ಲಿ ಕೆಂಪು ಹೋದರೆ ಅಡ್ಡಗಟ್ಟೆ ಹೋಯಿತು, ನೀಲಿ ಜಾರಿತು. ಚಿತ್ರಕಾರರನ್ನು ಕೆಂಪಿನ ಟ್ಯೂಬಿನ ಮೇಲಿರುವ ಸಂಕೇತ ಕೇಳಿ. ಪಿಆರ್ 83 ಎಂದರೆ ಅಲಿಜರಿನ್, ಎಚ್ಚರ ಬೇಕು.

ಯಜಮಾನರು ಪಟ್ಟು ಹಿಡಿದರೆ, ಅತಿನೇರಳೆ ಕಿರಣ ತಡೆಯುವ ಗಾಜು ಹಾಕಿಸುತ್ತೇವೆ ಎಂದು ರಾಜಿಗೆ ಬರಬಹುದು. ಅದು ಹಾನಿಯನ್ನು ನಿಧಾನಗೊಳಿಸುತ್ತದೆ, ನಿಲ್ಲಿಸುವುದಿಲ್ಲ, ಕಣ್ಣಿಗೆ ಕಾಣುವ ಬೆಳಕೂ ಬಣ್ಣ ತಿನ್ನುತ್ತದೆ. ಅದಕ್ಕಿಂತ ಅವರಿಗೆ ಇದನ್ನು ಹೇಳಿ: ಕಿಟಕಿಯೆದುರು ಗಾಜು ಹಾಕಿದ ಚಿತ್ರದಲ್ಲಿ ಹಗಲೆಲ್ಲ ಕಾಣುವುದು ಕಿಟಕಿಯೇ. ಕಿಟಕಿ ಇರುವ ಗೋಡೆಗೆ ಲಂಬವಾಗಿರುವ ಗೋಡೆ, ಬಿಸಿಲು ನೇರ ತಾಗದ ಭಾಗ, ಕುಳಿತು ನೋಡುವಾಗ ಕಣ್ಣಿನ ಎತ್ತರ, ಇದು ಸಾಕು. ವರ್ಷದಲ್ಲಿ ಕೆಲವು ತಿಂಗಳು ತೆಗೆದು ಕಪಾಟಿನಲ್ಲಿ ಮಲಗಿಸಿಡುವುದೂ ಒಳ್ಳೆಯದು, ಮತ್ತೆ ಹಾಕಿದಾಗ ಚಿತ್ರವೂ ಹೊಸದಾಗಿ ಕಾಣುತ್ತದೆ.

ಶಿವಮೊಗ್ಗದಲ್ಲಿ ಬಿಸಿಲಿನಷ್ಟೇ ಮಳೆಗಾಲಕ್ಕೂ ಹೆದರಬೇಕು. ಮಳೆ ಹೊಡೆಯುವ ಹೊರಗೋಡೆ, ಬಚ್ಚಲಿಗೆ ತಾಗಿದ ಗೋಡೆ ಬೇಡ. ಒಳ್ಳೆಯ ಜಲವರ್ಣ ಕಾಗದಕ್ಕೆ ಜೆಲಾಟಿನ್ ಲೇಪ ಇರುವುದುಂಟು, ಬೂಷ್ಟಿಗೆ ಅದು ಊಟ. ಫ್ರೇಮ್ ಹಾಕಿಸುವಾಗ ಆಮ್ಲರಹಿತ ರಟ್ಟಿನ ಮೌಂಟ್ ಕೇಳಿ. ಗಾಜು ಚಿತ್ರಕ್ಕೆ ತಾಗಬಾರದು, ಮೌಂಟಿನ ದಪ್ಪದಷ್ಟಾದರೂ ಅಂತರ ಇರಲಿ. ಹಿಂದೆ ಪ್ಲೈವುಡ್ ನೇರವಾಗಿ ತಾಗುವುದು, ಸೆಲ್ಲೋಟೇಪ್ ಅಂಟಿಸುವುದು ಎರಡೂ ಬೇಡ, ಕೆಲವೇ ವರ್ಷದಲ್ಲಿ ಹಳದಿ ಕಲೆ ಮುಂದಕ್ಕೆ ಬರುತ್ತದೆ. ಫ್ರೇಮ್ ಅಂಗಡಿಯವರು ‘ಲ್ಯಾಮಿನೇಷನ್ ಮಾಡಿಸಿ, ಜೀವಮಾನ ಬಾಳುತ್ತದೆ’ ಎಂದು ಪ್ರೀತಿಯಿಂದಲೇ ಹೇಳಬಹುದು. ಖಂಡಿತ ಬೇಡ. ಬಿಸಿ ಮಾಡಿ ಅಂಟಿಸಿದ ಪ್ಲಾಸ್ಟಿಕ್ಕನ್ನು ಕಾಗದದಿಂದ ಮತ್ತೆ ಬಿಡಿಸಲು ಆಗುವುದಿಲ್ಲ, ಮತ್ತು ನೀಲಿಯ ಆ ಕಾಳು ಅದರಡಿಯಲ್ಲಿ ಸತ್ತುಹೋಗುತ್ತದೆ.